ಹಳೇ ಯಜಮಾನನ ಬಗ್ಗೆ ಏನು ಹೇಳಬೇಕು? – ಯೋಸೇಫನಿಂದ ಒಂದು ಪಾಠ

ಬೈಬಲ್ ತಂದಿರುವವರು ಆದಿಕಾಂಡ 40 ಮತ್ತು 41ನೇ ಅಧ್ಯಾಯ ತೆಗೆದು ಇಟ್ಟುಕೊಳ್ಳಿ.

ಹೋದ ಬುಧವಾರ ಉಪವಾಸ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಕೆಲಸ ಬಿಟ್ಟು ನಾಲ್ಕು ತಿಂಗಳಾಗಿದೆ. ಮನೆಯಲ್ಲಿ ಮಗು ಇದೆ, ಬಾಡಿಗೆ ಬಾಕಿ ಇದೆ. "ಪಾಸ್ಟರ್, ಶನಿವಾರ ಇಂಟರ್‌ವ್ಯೂ ಇದೆ. ಹಳೇ ಕಂಪನಿ ಯಾಕೆ ಬಿಟ್ರಿ ಅಂತ ಕೇಳೇ ಕೇಳ್ತಾರೆ. ನಿಜ ಹೇಳಿದ್ರೆ ಕೆಲಸ ಸಿಗಲ್ಲ. ಸುಳ್ಳು ಹೇಳಿದ್ರೆ ಪಾಪ. ಏನ್ ಮಾಡ್ಲಿ?" ಅಂದ. ಈ ಪ್ರಶ್ನೆ ಅವನೊಬ್ಬನದಲ್ಲ ಪ್ರಿಯರೇ. ನಮ್ಮ ಸಭೆಯಲ್ಲಿ ಫ್ಯಾಕ್ಟರಿಗೆ ಹೋಗುವವರಿದ್ದಾರೆ, ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರಿದ್ದಾರೆ, ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡುವ ಸಿಸ್ಟರ್‌ಗಳಿದ್ದಾರೆ. ಅದಕ್ಕೇ ಇವತ್ತು ಇದನ್ನೇ ಪಾಠವಾಗಿ ತೆಗೆದುಕೊಂಡಿದ್ದೇನೆ.

ಮೊದಲು ನನ್ನ ಸಾಕ್ಷಿ ಹೇಳ್ತೀನಿ. ಬೈಬಲ್ ಕಾಲೇಜಿಗೆ ಸೇರುವ ಮುಂಚೆ ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಅಲ್ಲಿದ್ದ ಮ್ಯಾನೇಜರ್ ಲಾರಿ ಡ್ರೈವರ್‌ಗಳ ಮುಂದೆ, ಹಮಾಲರ ಮುಂದೆ ನನ್ನನ್ನು ಬೈಯ್ಯುತ್ತಿದ್ದರು. ತಿಂಗಳಲ್ಲಿ ಮೂರು ಭಾನುವಾರ ಕರೆಸುತ್ತಿದ್ದರು, ಆರಾಧನೆಗೆ ಬರಲಾಗುತ್ತಿರಲಿಲ್ಲ. ರಾತ್ರಿ ಮಲಗಿದರೂ ಅವರ ಮಾತೇ ಕಿವಿಯಲ್ಲಿ. ಕೊನೆಗೆ ಬೇರೆ ಕೆಲಸ ಹುಡುಕಲು ಶುರು ಮಾಡಿದೆ.

ಮೊದಲನೇ ಇಂಟರ್‌ವ್ಯೂನಲ್ಲಿ "ಯಾಕೆ ಬಿಡ್ತಿದ್ದೀರಾ?" ಅಂದರು. ಅಷ್ಟೇ ಸಾಕಾಯ್ತು ನೋಡಿ, ಎರಡು ವರ್ಷದ ಹೊಟ್ಟೆಯುರಿಯೆಲ್ಲ ಹೊರಗೆ ಬಂತು. ಹತ್ತು ನಿಮಿಷ ಬಿಡದೆ ಮಾತಾಡಿದೆ. ಎದುರಿಗಿದ್ದವರು ಸುಮ್ಮನೆ ಕೇಳಿಸಿಕೊಂಡು, "ಸರಿ, ಹೇಳಿ ಕಳಿಸ್ತೀವಿ" ಅಂದರು. ವಾಪಸ್ ಬಸ್ಸಿನಲ್ಲಿ ಬರುವಾಗ ಹೊಳೆಯಿತು: ನನಗೆ ಏನು ಕೆಲಸ ಬರುತ್ತೆ ಅಂತ ನಾನು ಒಂದು ಮಾತೂ ಹೇಳಿರಲಿಲ್ಲ! ನನ್ನ ಇಂಟರ್‌ವ್ಯೂಗೆ ಹೋಗಿ ಪೂರ್ತಿ ನನ್ನ ಮ್ಯಾನೇಜರ್ ಬಗ್ಗೆ ಮಾತಾಡಿ ಬಂದಿದ್ದೆ.

ಎರಡನೇ ಕಡೆ ಜಾಣತನ ಮಾಡಿದೆ. "ತುಂಬಾ ಒಳ್ಳೆ ಕಂಪನಿ ಸರ್, ಮನೆ ತರ ಇದೆ" ಅಂದೆ. ಅವರು ನಕ್ಕು, "ಅಷ್ಟು ಚೆನ್ನಾಗಿದ್ರೆ ಯಾಕೆ ಬಿಡ್ತೀರಾ?" ಅಂದರು. ಉತ್ತರ ಇರಲಿಲ್ಲ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸಿದೆ. ಆ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಲು ನಾಚಿಕೆಯಾಯಿತು. ಮೊದಲ ಸಲ ನಾಲಿಗೆ ಬಿಟ್ಟು ಕೆಟ್ಟೆ, ಎರಡನೇ ಸಲ ನಾಲಿಗೆ ತಿರುಚಿ ಕೆಟ್ಟೆ.

ಆಗ ದೇವರು ಯೋಸೇಫನ ಹತ್ತಿರ ನನ್ನನ್ನು ಕರೆದುಕೊಂಡು ಹೋದರು. ಆದಿಕಾಂಡ 40 ನೋಡಿ. ಯೋಸೇಫ ಸೆರೆಮನೆಯಲ್ಲಿದ್ದಾನೆ. ಫರೋಹನ ಪಾನದಾಯಕನ ಕನಸಿಗೆ ಅರ್ಥ ಹೇಳಿ, ಫರೋಹನ ಹತ್ತಿರ ನನ್ನ ವಿಷಯ ಹೇಳು ಅಂತ ಕೇಳಿಕೊಳ್ಳುತ್ತಾನೆ. ಇವತ್ತಿನ ಭಾಷೆಯಲ್ಲಿ ರೆಫರೆನ್ಸ್ ಕೇಳ್ತಿದ್ದಾನೆ. 15ನೇ ವಚನದಲ್ಲಿ ಅವನು ಹೇಳುವುದು ಎರಡೇ ವಿಷಯ. ಇಬ್ರಿಯರ ದೇಶದಿಂದ ನನ್ನನ್ನು ಕದ್ದು ತಂದರು, ಇಲ್ಲಿಯೂ ಸೆರೆಗೆ ಹಾಕುವಂಥ ತಪ್ಪು ನಾನು ಮಾಡಿಲ್ಲ. ಅಷ್ಟೇ!

ಗಮನಿಸಿದ್ರಾ? ಅಣ್ಣಂದಿರು ಮಾರಿದರು ಅನ್ನಲಿಲ್ಲ. ಪೋಟೀಫರನ ಹೆಂಡತಿ ಸುಳ್ಳು ಹೇಳಿದಳು ಅನ್ನಲಿಲ್ಲ. ಹೇಳಿದ್ದರೆ ಎಲ್ಲವೂ ನಿಜವೇ ಆಗಿರುತ್ತಿತ್ತು. ಹಾಗಂತ ಎಲ್ಲ ಚೆನ್ನಾಗಿತ್ತು ಅಂತ ಸುಳ್ಳೂ ಹೇಳಲಿಲ್ಲ. ಅನ್ಯಾಯ ಆಗಿದೆ ಅಂದ, ಅನ್ಯಾಯ ಮಾಡಿದವರ ಹೆಸರು ಎತ್ತಲಿಲ್ಲ. ಸುಳ್ಳು ಹೇಳದೆ ಇರುವುದು ಬೇರೆ, ಗೊತ್ತಿರುವುದನ್ನೆಲ್ಲ ಹೇಳುವುದು ಬೇರೆ.

ಈಗ 41ನೇ ಅಧ್ಯಾಯ. ಪಾನದಾಯಕ ಮರೆತುಬಿಟ್ಟ, ಪೂರ್ತಿ ಎರಡು ವರ್ಷ ಕಳೆಯಿತು. ನಂತರ ಕರೆ ಬಂತು. ಯೋಸೇಫ ಕ್ಷೌರ ಮಾಡಿಸಿಕೊಂಡು, ಬಟ್ಟೆ ಬದಲಿಸಿಕೊಂಡು ಹೋದ. ಅವನಿಗೆ ಆಗ 30 ವರ್ಷ. ರಾಜನ ಮುಂದೆ ನಿಂತಿದ್ದಾನೆ, ಪೋಟೀಫರನ ಮೇಲೆ ದೂರು ಕೊಡಲು ಇದಕ್ಕಿಂತ ಒಳ್ಳೇ ಅವಕಾಶ ಸಿಗುತ್ತಾ? ಆದರೆ ಅವನು ಮಾತಾಡಿದ್ದು ಮುಂದಿನ ಕೆಲಸದ ಬಗ್ಗೆ. ಏಳು ವರ್ಷ ಸುಭಿಕ್ಷ, ಏಳು ವರ್ಷ ಬರ, ಬೆಳೆಯಲ್ಲಿ ಐದರಲ್ಲೊಂದು ಪಾಲು ಕೂಡಿಡಬೇಕು. ರಾಜನಿಗೆ ಬೇಕಾಗಿದ್ದೂ ಅದೇ.

ಹಾಗಾದರೆ ಶನಿವಾರ ಏನು ಹೇಳಬೇಕು? ಬರೆದುಕೊಳ್ಳಿ.

ಒಂದು, ಉತ್ತರ ಚಿಕ್ಕದಾಗಿರಲಿ. ಎರಡು ಮೂರು ವಾಕ್ಯ ಸಾಕು. ದೂರನ್ನು ನಿಮಗೆ ಬೇಕಾದದ್ದಾಗಿ ತಿರುಗಿಸಿ ಹೇಳಿ. ಮೂರನೇ ಇಂಟರ್‌ವ್ಯೂನಲ್ಲಿ ನಾನು ಹೇಳಿದ್ದು ಇಷ್ಟೇ: "ಸರ್, ಅಲ್ಲಿ ಎರಡು ವರ್ಷ ಸ್ಟೋರ್ಸ್ ನೋಡ್ಕೊಂಡೆ, ಸ್ಟಾಕ್ ಲೆಕ್ಕ ಚೆನ್ನಾಗಿ ಕಲಿತೆ. ಭಾನುವಾರವೂ ಕೆಲಸ ಇರ್ತಿತ್ತು, ನನಗೆ ಭಾನುವಾರ ಬೆಳಗ್ಗೆ ರಜೆ ಬೇಕು, ಅದಕ್ಕೆ ಬದಲಾಯಿಸ್ತಿದ್ದೀನಿ. ಉಳಿದ ದಿನ ತಡವಾದ್ರೂ ಇರ್ತೀನಿ." ಬೈಗುಳದ ವಿಷಯ ಎತ್ತಲಿಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅವರು ತಕ್ಷಣ ನನ್ನ ಕೆಲಸದ ಬಗ್ಗೆ ಕೇಳಲು ಶುರು ಮಾಡಿದರು.

ಎರಡು, "ನಿಮ್ಮ ಮ್ಯಾನೇಜರ್ ಹೇಗಿದ್ರು?" ಅಂತ ಕೆದಕಿ ಕೇಳಿದರೆ, ನಿಜವಾಗಿ ಇದ್ದ ಒಂದು ಒಳ್ಳೇದನ್ನು ಹೇಳಿ. ನನ್ನ ಮ್ಯಾನೇಜರ್ ಲೆಕ್ಕದಲ್ಲಿ ಒಂದು ಬೋಲ್ಟ್ ಕೂಡ ಬಿಡುತ್ತಿರಲಿಲ್ಲ, ಅದು ಸತ್ಯ. "ಲೆಕ್ಕದಲ್ಲಿ ತುಂಬಾ ಕಟ್ಟುನಿಟ್ಟು ಸರ್, ಅದನ್ನು ಅವರಿಂದ ಕಲಿತೆ. ಕೆಲಸ ಮಾಡಿಸೋ ರೀತಿ ನಮ್ಮಿಬ್ಬರದ್ದು ಬೇರೆ ಬೇರೆ" ಅಂದರೆ ಸಾಕು. ಎಷ್ಟು ಹುಡುಕಿದರೂ ಒಳ್ಳೇದು ಸಿಗದಿದ್ದರೆ ಹುಟ್ಟಿಸಿ ಹೇಳಬೇಡಿ, ಕಲಿತ ಕೆಲಸದ ಬಗ್ಗೆ ಮಾತ್ರ ಹೇಳಿ.

ಮೂರು, ಆ ಕಂಪನಿಯನ್ನೇ ಬಚ್ಚಿಡಬೇಡಿ. ಪಿಎಫ್ ಕಟ್ಟಿದ್ದರೆ ನಿಮ್ಮ ಯುಎಎನ್ ನಂಬರಿನಲ್ಲಿ ಎಲ್ಲಿ, ಯಾವಾಗ ಸೇರಿದ್ದು, ಯಾವಾಗ ಬಿಟ್ಟದ್ದು ಎಲ್ಲ ದಾಖಲಾಗಿರುತ್ತೆ. ಕೆಲಸದಿಂದ ತೆಗೆದಿದ್ದರೆ "ನಾನೇ ಬಿಟ್ಟೆ" ಅನ್ನಬೇಡಿ. ಏನಾಯಿತು, ಏನು ಕಲಿತೆ ಅಂತ ನೇರವಾಗಿ ಹೇಳಿ. ಸಿಟ್ಟಿನಲ್ಲಿ ನೋಟಿಸ್ ಪೀರಿಯಡ್ ಬಿಟ್ಟು ಓಡಿಬರಬೇಡಿ, ರಿಲೀವಿಂಗ್ ಲೆಟರ್ ಕೇಳಿ ತೆಗೆದುಕೊಳ್ಳಿ. ಮ್ಯಾನೇಜರ್ ಒಳ್ಳೆ ಮಾತು ಹೇಳಲಾರರು ಅನಿಸಿದರೆ, ಜೊತೆಗೆ ಕೆಲಸ ಮಾಡಿದ ಹಿರಿಯರೊಬ್ಬರನ್ನು ಕೇಳಿ ಅವರ ನಂಬರ್ ಕೊಡಿ. ಇನ್ನೂ ಅಲ್ಲೇ ಕೆಲಸದಲ್ಲಿದ್ದರೆ, "ಆಫರ್ ಆಗೋವರೆಗೆ ಅಲ್ಲಿಗೆ ಫೋನ್ ಮಾಡ್ಬೇಡಿ ಸರ್" ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಾಲಿಗೆ ಕಾಯಿರಿ ಅಂದರೆ ಅನ್ಯಾಯ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಲಾಬಾನನು ಹತ್ತು ಸಾರಿ ಕೂಲಿ ಬದಲಾಯಿಸಿದಾಗ ಯಾಕೋಬ ಅದನ್ನು ಲಾಬಾನನ ಮುಖಕ್ಕೇ ಹೇಳಿದ, ಆದಿಕಾಂಡ 31 ಓದಿ. ಸಂಬಳ ಕೊಡದಿದ್ದರೆ ಬರೆದು ಕೇಳಿ, ಆಗಲೂ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಸಹೋದರಿಯರೇ, ಕೆಲಸದ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಸುಮ್ಮನಿರಬೇಡಿ. 2013ರ ಕಾನೂನಿನ ಪ್ರಕಾರ ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಮೂರು ತಿಂಗಳೊಳಗೆ ಬರೆದು ದೂರು ಕೊಡಿ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯವರಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇದೆ. ನಾನೂ ನನ್ನ ಹೆಂಡತಿಯೂ ಜೊತೆಗೆ ಬರ್ತೀವಿ. ದೂರಿಗೆ ಒಂದು ಜಾಗ ಇದೆ, ಅಲ್ಲಿ ಪೂರ್ತಿ ಹೇಳಿ. ಇಂಟರ್‌ವ್ಯೂ ಕೋಣೆ ಆ ಜಾಗವಲ್ಲ. ವಾಟ್ಸಾಪ್ ಸ್ಟೇಟಸ್ಸೂ ಅಲ್ಲ. ನಮ್ಮ ಪ್ರಾರ್ಥನಾ ಕೂಟವೂ ಅಲ್ಲ! ಮೇಲಧಿಕಾರಿಯ ಹೆಸರು ಹಿಡಿದು ಪ್ರಾರ್ಥನೆ ವಿಷಯ ಅಂತ ಚಾಡಿ ಹೇಳುವುದನ್ನು ನಾವು ನಿಲ್ಲಿಸಬೇಕು, ಆಮೆನ್?

ಹಾಗಾದರೆ ಈ ಹೊಟ್ಟೆಯುರಿ ಎಲ್ಲಿ ಇಳಿಸುವುದು? ದಾವೀದ ಗವಿಯಲ್ಲಿ ತನ್ನ ಸಂಕಟವನ್ನೆಲ್ಲ ದೇವರ ಮುಂದೆ ತೋಡಿಕೊಂಡ, 142ನೇ ಕೀರ್ತನೆ. ಇಂಟರ್‌ವ್ಯೂಗೆ ಹೋಗುವ ಹಿಂದಿನ ರಾತ್ರಿ ಬಾಗಿಲು ಹಾಕಿಕೊಂಡು ಎಲ್ಲ ಅಲ್ಲಿ ಹೇಳಿಬಿಡಿ. ಅಳು ಬಂದರೆ ಅಳಿ. ಅಲ್ಲಿ ಖಾಲಿಯಾದರೆ ಬೆಳಗ್ಗೆ ನಾಲಿಗೆ ಹಗುರವಾಗಿರುತ್ತೆ.

"ಪಾಸ್ಟರ್, ನನ್ನಿಂದ ಇನ್ನೂ ಕ್ಷಮಿಸಕ್ಕೆ ಆಗ್ತಿಲ್ಲ" ಅನ್ನುವವರಿಗೆ ಒಂದು ಮಾತು. ಯೋಸೇಫನಿಗೆ ಮೊದಲ ಮಗ ಹುಟ್ಟಿದಾಗ ಮನಸ್ಸೆ ಅಂತ ಹೆಸರಿಟ್ಟ. ನನ್ನ ಕಷ್ಟವನ್ನು ದೇವರು ಮರೆಯುವಂತೆ ಮಾಡಿದ ಅನ್ನುವ ಅರ್ಥದಲ್ಲಿ ಇಟ್ಟ. ಅದು ಯಾವಾಗ? ಕೆಲಸ ಸಿಕ್ಕಿದ ಮೇಲೆ, ಮದುವೆಯಾದ ಮೇಲೆ. ಫರೋಹನ ಮುಂದೆ ನಿಂತ ದಿನ ಆ ಗಾಯ ಇನ್ನೂ ಹಸಿಯಾಗಿಯೇ ಇದ್ದಿರಬಹುದು. ಆದರೂ ಬಾಯಿ ಅವನ ಹಿಡಿತದಲ್ಲಿತ್ತು. ನನಗೂ ಹಾಗೇ ಆಯಿತು. ಆ ಮ್ಯಾನೇಜರ್ ಇವತ್ತಿನವರೆಗೂ ನನ್ನ ಕ್ಷಮೆ ಕೇಳಿಲ್ಲ. ಅವರ ಹೆಸರು ಹೇಳಿ ಆಶೀರ್ವದಿಸಿ ಪ್ರಾರ್ಥಿಸಲು ನನಗೆ ಒಂದು ವರ್ಷದ ಮೇಲೆ ಹಿಡಿಯಿತು. ಮನಸ್ಸು ವಾಸಿಯಾಗಲು ಸಮಯ ಬೇಕು, ಆದರೆ ನಾಲಿಗೆಯನ್ನು ಇವತ್ತೇ ಕರ್ತನಿಗೆ ಒಪ್ಪಿಸಬಹುದು.

ಕೆಲಸ ಹುಡುಕುತ್ತಿರುವವರು ಎದ್ದು ನಿಲ್ಲಿ, ಪಕ್ಕದವರು ಹೆಗಲ ಮೇಲೆ ಕೈ ಇಡಿ. ತಂದೆಯೇ, ಈ ಮಕ್ಕಳ ಮನೆಯ ಕೊರತೆ ನಿನಗೆ ಗೊತ್ತು. ಶನಿವಾರ ಆ ಬಾಗಿಲಲ್ಲಿ ನಿಲ್ಲುವ ನಮ್ಮ ತಮ್ಮನಿಗೆ ಧೈರ್ಯ ಕೊಡು, ಚಿಕ್ಕದಾದ ಸತ್ಯವಾದ ಮಾತು ಕೊಡು. ಇವರನ್ನು ನೋಯಿಸಿದವರನ್ನೂ ಸಂಧಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.