ನವೋದಯದ ಲೆಕ್ಕ ಮೂರನೇ ಇಯತ್ತೆಯಿಂದಲೇ ಶುರು

ಮಳೆಗಾಲದ ನಡುವೆ ಅರ್ಜಿ ಕರೆದರೆಂದರೆ ಸಾಕು, ನಮ್ಮ ಭಾಗದ ಊರುಗಳ ಗೋಡೆಗಳ ಮೇಲೆ ನಾಲ್ಕು ಹೆಸರು ಒಂದೇ ಉಸಿರಿನಲ್ಲಿ ಕಾಣಿಸಿಕೊಳ್ಳುತ್ತವೆ: ನವೋದಯ, ಸೈನಿಕ, ಕಿತ್ತೂರ, ಮೊರಾರ್ಜಿ. ಕೆಳಗೊಂದು ಫೋನ್ ನಂಬರು. ಹಾನಗಲ್ಲ ಕಡೆಯ ತಂದೆಯಿರಲಿ, ಹಿರೇಕೆರೂರ ಕಡೆಯ ತಾಯಿಯಿರಲಿ, ಕೇಳುವ ಪ್ರಶ್ನೆ ಒಂದೇ: "ಸರ, ಯಾವ ಕ್ಲಾಸಿಗೆ ಹಚ್ಚಿದ್ರ ಸೀಟು ಸಿಗತೈತ್ರಿ?" ನಾನು ತಿರುಗಿ ಕೇಳುವುದೂ ಒಂದೇ ಮಾತು: "ಹುಡುಗ ಮೂರನೇ ಇಯತ್ತೆ ಎಲ್ಲಿ ಕಲ್ತಾನ?"

ಈ ಪ್ರಶ್ನೆಗೆ ಕಾರಣವಿದೆ. ಒಂದು ನವೋದಯ ವಿದ್ಯಾಲಯದಲ್ಲಿ ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ. 75ರಷ್ಟು, ಅಂದರೆ 60 ಸೀಟು, ಗ್ರಾಮೀಣ ಮಕ್ಕಳಿಗೆ. ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಆದರೆ ಇಲ್ಲಿ ಗ್ರಾಮೀಣ ಎನ್ನುವುದನ್ನು ನಿಮ್ಮ ಮನೆ, ಹೊಲ, ರೇಷನ್ ಕಾರ್ಡು ನೋಡಿ ನಿರ್ಧರಿಸುವುದಿಲ್ಲ. ಮಗು ಕಲಿತ ಶಾಲೆ ನೋಡಿ ನಿರ್ಧರಿಸುತ್ತಾರೆ. ಮೂರು, ನಾಲ್ಕು, ಐದು, ಈ ಮೂರೂ ತರಗತಿಯನ್ನು ಹಳ್ಳಿಯ ಶಾಲೆಯಲ್ಲಿಯೇ ಓದಿರಬೇಕು. ನಡುವೆ ಒಂದೇ ಒಂದು ದಿನ ಪಟ್ಟಣದ ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ಆ ಮಗು ನಗರದ ಅಭ್ಯರ್ಥಿ. ಊರಿನ ಸರಕಾರಿ ಸಾಲಿ ಬಿಡಿಸಿ, ಹಳದಿ ವ್ಯಾನು ಹತ್ತಿಸಿ, ಸವಣೂರಿಗೋ ಶಿಗ್ಗಾಂವಿಗೋ ಕಾನ್ವೆಂಟಿಗೆ ಕಳಿಸಿದ ಮನೆಯವರು ಮಗುವಿನ ಒಳ್ಳೆಯದಕ್ಕೇ ಹಾಗೆ ಮಾಡಿರುತ್ತಾರೆ. ತಪ್ಪೇನಲ್ಲ. ಆದರೆ ಆ 60 ಸೀಟುಗಳ ಬಾಗಿಲು ಅಂದೇ ಮುಚ್ಚಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇನ್ನೊಂದು ಎಡವಟ್ಟು ಐದನೆಯ ತರಗತಿಯದು. ಕೋಚಿಂಗ್ ಚೆನ್ನಾಗಿದೆಯೆಂದು ಧಾರವಾಡಕ್ಕೋ ವಿಜಯಪುರಕ್ಕೋ ಕರೆದೊಯ್ದು, ಹೆಸರನ್ನೂ ಅಲ್ಲಿಯ ಶಾಲೆಗೇ ಹಚ್ಚುತ್ತಾರೆ. ಐದನೆಯ ತರಗತಿ ಯಾವ ಜಿಲ್ಲೆಯಲ್ಲೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ. ಅದರ ಮೇಲೆ ಆ ಜಿಲ್ಲೆಯ ನಿವಾಸಿಯೂ ಆಗಿರಬೇಕು. ಅಲ್ಲಿಗೆ ನಮ್ಮ ಜಿಲ್ಲೆ ಹಾವೇರಿಯೂ ಕೈಬಿಟ್ಟಿತು, ಆ ಊರೂ ದಕ್ಕಲಿಲ್ಲ. "ಈ ಸಲ ಆಗದಿದ್ರ ಮುಂದಿನ ವರ್ಷ ಮತ್ತ ಕೂಡಿಸೋಣು" ಎನ್ನಲೂ ಬರುವುದಿಲ್ಲ. ಆರನೆಯ ತರಗತಿಯ ನವೋದಯ ಪರೀಕ್ಷೆಗೆ ಒಂದು ಮಗು ಕೂಡಬಹುದಾದದ್ದು ಒಂದೇ ಸಲ.

ಇನ್ನು ಪರೀಕ್ಷೆ. ಎರಡು ತಾಸು, 80 ಪ್ರಶ್ನೆ, 100 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಇದರಲ್ಲಿ ಅರ್ಧದಷ್ಟು, ಅಂದರೆ 40 ಪ್ರಶ್ನೆ, 50 ಅಂಕ, ಮಾನಸಿಕ ಸಾಮರ್ಥ್ಯದ್ದು. ಅಲ್ಲಿ ಓದುವುದಕ್ಕೆ ಅಕ್ಷರವೇ ಇಲ್ಲ, ಬರೀ ಚಿತ್ರ: ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಚಿ ತೂತು ಹಾಕಿದ ಹಾಳೆ ಬಿಚ್ಚಿದರೆ ಹೇಗಿರುತ್ತದೆ. ದಪ್ಪ ಗೈಡು ಕೊಳ್ಳುವ ಮೊದಲು ಮನೆಯಲ್ಲಿರುವುದನ್ನು ಬಳಸಿ ನೋಡಿ. ಹಳೆಯ ನೋಟುಬುಕ್ಕಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಮೂಲೆ ಕತ್ತರಿಸಿ, ಬಿಚ್ಚುವ ಮೊದಲು ಏನು ಮೂಡುತ್ತದೆಂದು ಮಗುವಿನಿಂದ ಚಿತ್ರ ಬರೆಸಿ. ಆಂಬುಲೆನ್ಸಿನ ಮುಖಕ್ಕೆ ಅಕ್ಷರಗಳನ್ನು ಯಾಕೆ ತಿರುಗುಮುರುಗಾಗಿ ಬರೆದಿದ್ದಾರೆಂದು ಕೇಳಿ. ಅವ್ವ ಅರ್ಧ ಹಾಕಿದ ರಂಗೋಲಿಯನ್ನು ಪೂರ್ತಿ ಮಾಡುವ ಹುಡುಗಿ ಆಕೃತಿ ಪೂರ್ಣಗೊಳಿಸುವ ಪ್ರಶ್ನೆಗೆ ಆಗಲೇ ತಯಾರಾಗಿದ್ದಾಳೆ. ಕೈಯಿಂದ ಮಾಡಿ ನೋಡಿದ್ದು ಕಣ್ಣಿಗೆ ಬೇಗ ಹತ್ತುತ್ತದೆ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲಿ.

ಗಣಿತ 20 ಪ್ರಶ್ನೆ, 25 ಅಂಕ. ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಲಾಭ-ನಷ್ಟ, ಶೇಕಡಾ, ಸುತ್ತಳತೆ. ಗೋವಿನಜೋಳ ಮಾರಿ ಬಂದ ದಿನ ದಲಾಲರು ಕೊಟ್ಟ ಪಟ್ಟಿಯನ್ನು ಮಗುವಿನ ಮುಂದೆ ಇಡಿ. ಇಷ್ಟು ಕ್ವಿಂಟಲಿಗೆ ಈ ದರವಾದರೆ ಒಟ್ಟೆಷ್ಟು, ಹಮಾಲಿ ಹೋಗಿ ಕೈಗೆಷ್ಟು, ಖರ್ಚು ಶೇಕಡಾ ಎಷ್ಟಾಯಿತು? ಇಂಥ ಲೆಕ್ಕ ಮಾಡಿದ ಮಕ್ಕಳು ಶೇಕಡಾ ಚಿಹ್ನೆ ಕಂಡು ಬೆದರುವುದಿಲ್ಲ. ಉಳಿದ 25 ಅಂಕ ಭಾಷೆಯದು. ಒಂದು ಭಾಗ ಓದಿ ಐದು ಪ್ರಶ್ನೆಗೆ ಉತ್ತರಿಸುವುದು, ಅಂಥ ನಾಲ್ಕು ಭಾಗ. ದಿನಾ ಅರ್ಧ ಪುಟ ಕನ್ನಡ ಗಟ್ಟಿಯಾಗಿ ಓದಿಸಿ, "ಏನು ತಿಳೀತು?" ಎಂದು ಕೇಳಿದರೆ ಸಾಕು. ಕನ್ನಡ ಮಾಧ್ಯಮದ ಮಗುವಿನ ಅರ್ಜಿಯಲ್ಲಿ ದೊಡ್ಡಸ್ತಿಕೆಗೆ ಇಂಗ್ಲಿಷ್ ಎಂದು ಗುರುತು ಹಾಕುವ ತಂದೆಯರಿದ್ದಾರೆ. ದಯವಿಟ್ಟು ಬೇಡ, ಪ್ರಶ್ನೆಪತ್ರಿಕೆ ಕನ್ನಡದಲ್ಲೇ ಸಿಗುತ್ತದೆ.

ಉತ್ತರದ ಒಎಂಆರ್ ಹಾಳೆಯಲ್ಲಿ ಪೆನ್ಸಿಲ್ ನಡೆಯುವುದಿಲ್ಲ, ಬಾಲ್ ಪೆನ್ನೇ ಬೇಕು. ಅಳಿಸಲು ಬರುವುದಿಲ್ಲ. ರಬ್ಬರು ಹಿಡಿದೇ ಬೆಳೆದ ಕೂಸಿಗೆ ಇದು ಸಣ್ಣ ಮಾತಲ್ಲ, ಪರೀಕ್ಷೆಗೆ ಎರಡು ತಿಂಗಳು ಮೊದಲೇ ವೃತ್ತ ತುಂಬುವುದನ್ನು ರೂಢಿ ಮಾಡಿಸಿ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪರೀಕ್ಷೆ ಬೇರೆ. ಅಲ್ಲಿ ಪಠ್ಯಪುಸ್ತಕವೇ ಮುಖ್ಯ, ಅದಕ್ಕಿಂತ ಹೆಚ್ಚಾಗಿ ಕಾಗದಪತ್ರ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ಶಾಲೆಯ ಎಸ್‌ಎಟಿಎಸ್ ನಂಬರು, ಆಧಾರ್, ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ಒಂದರಲ್ಲಿ 'ಬಸವರಾಜ', ಇನ್ನೊಂದರಲ್ಲಿ 'ಬಸಪ್ಪ' ಎಂದಿದ್ದರೆ ಕೊನೆಯ ವಾರ ನಾಡಕಚೇರಿಯ ಕಟ್ಟೆಯ ಮೇಲೇ ಕಳೆಯುತ್ತದೆ. ಆದರ್ಶ ವಿದ್ಯಾಲಯ ಇಂಗ್ಲಿಷ್ ಮಾಧ್ಯಮದ್ದು, ಆದರೆ ವಸತಿ ಇಲ್ಲ. ಅರ್ಜಿಗೆ ಮೊದಲು ನಿಮ್ಮೂರಿನ ಮುಂಜಾನೆಯ ಬಸ್ಸಿನ ವೇಳೆ ನೋಡಿಕೊಳ್ಳಿ. ವಿಜಯಪುರದ ಸೈನಿಕ ಶಾಲೆಯ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಗಣಿತದ್ದೇ, ಶುಲ್ಕವೂ ಭಾರ.

ಒಂದು ವಿಷಯ ಮಾತ್ರ ಸೀಟು ಸಿಗುವ ಮೊದಲೇ ಮನೆಯಲ್ಲಿ ಮಾತಾಡಬೇಕು. ನವೋದಯದಲ್ಲಿ ಊಟ, ವಸತಿ, ಪುಸ್ತಕ ಉಚಿತ, ನಿಜ. ಆದರೆ ಒಂಬತ್ತನೆಯ ತರಗತಿಯಲ್ಲಿ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ಸೀಮೆಯ ನವೋದಯಕ್ಕೆ ಕಳಿಸುತ್ತಾರೆ, ನಮ್ಮ ಕಡೆಯವರನ್ನು ಸಾಮಾನ್ಯವಾಗಿ ಹಿಂದಿ ಸೀಮೆಗೆ. ಹತ್ತು ವರ್ಷದ ಮಗು ರಾತ್ರಿ ಅಜ್ಜಿಯ ಪಕ್ಕ ಬಿಟ್ಟು ಬೇರೆಡೆ ಮಲಗದಿದ್ದರೆ, ಸೂಟಿಯಲ್ಲಿ ಸೋದರಮಾವನ ಮನೆಯಲ್ಲಿ ಎಂಟು ದಿನ ಅದೊಂದನ್ನೇ ಬಿಟ್ಟು ನೋಡಿ. ಅಳುತ್ತ ಫೋನು ಮಾಡಿದರೆ ಅದೂ ಒಂದು ಉತ್ತರವೇ.

ಸೀಟು ಸಿಗದ ಮಕ್ಕಳೇ ಹೆಚ್ಚು. ಅವರಿಗೆ ಎಂಟನೆಯ ತರಗತಿಯಲ್ಲಿ ಇನ್ನೊಂದು ಬಾಗಿಲಿದೆ, ಅದರ ಬಗ್ಗೆ ಯಾವ ಗೋಡೆಯ ಮೇಲೂ ಬರೆದಿರುವುದಿಲ್ಲ. ಎನ್‌ಎಂಎಂಎಸ್ ಎಂಬ ಪರೀಕ್ಷೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗಷ್ಟೇ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೆಯ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ನವೋದಯ, ಸೈನಿಕ, ಸರಕಾರಿ ವಸತಿ ಶಾಲೆಗಳ ಮಕ್ಕಳು ಇದಕ್ಕೆ ಕೂಡುವಂತಿಲ್ಲ, ಊರ ಶಾಲೆಯಲ್ಲಿ ಉಳಿದವರಿಗೇ ಇದು ಮೀಸಲು. ಅರ್ಧ ಪತ್ರಿಕೆ ಮತ್ತೆ ಅದೇ ಮಾನಸಿಕ ಸಾಮರ್ಥ್ಯ, 90 ಪ್ರಶ್ನೆ. ಐದನೆಯಲ್ಲಿ ಹಾಳೆ ಮಡಚಿದ್ದು ವ್ಯರ್ಥವಾಗುವುದಿಲ್ಲ. ಎಂಟನೆಯ ತರಗತಿ ಶುರುವಾದ ಕೂಡಲೇ ಮುಖ್ಯಗುರುಗಳಿಗೆ ಹೆಸರು ಕೊಟ್ಟುಬಿಡಿ. ಮೊರಾರ್ಜಿಗೆಂದು ಮಾಡಿಸಿದ ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ, ಆಗಲೂ ಅದೇ ನಡೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಟ್ಟಿರಿ.