ಅಪ್ಪ ಗ್ರೂಪ್ ಬಿಟ್ಟರು, ಮಾತೂ ಬಿಟ್ಟರು

ಪ್ರಶ್ನೆ: ನನ್ನ ತಂದೆ ನಿವೃತ್ತ ಶಿಕ್ಷಕರು. ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆ ಎಂಬ ವಿಡಿಯೊವನ್ನು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರು. ‘ಇದು ಸುಳ್ಳು, ಇಂಥದ್ದೆಲ್ಲ ಹಾಕಬೇಡಿ’ ಎಂದು ಅಲ್ಲೇ ಬರೆದೆ. ಅಪ್ಪ ಗ್ರೂಪ್ ಬಿಟ್ಟರು. ತವರಿಗೆ ಹೋದರೆ ಪೇಪರ್ ಮುಖಕ್ಕೆ ಹಿಡಿದು ಕೂರುತ್ತಾರೆ. ನಾನು ಮಾಡಿದ್ದು ತಪ್ಪೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಹೇಳಿದ ವಿಷಯ ಸರಿಯಾಗಿಯೇ ಇತ್ತು. ಅಪ್ಪ ಮುಖ ತಿರುಗಿಸಿದಾಗ ಆಗುವ ಸಂಕಟವೂ ಸಹಜವೇ. ಇದೇ ಮುನಿಸು ಇವತ್ತು ಎಷ್ಟೋ ಮನೆಗಳಲ್ಲಿದೆ.

ಇಂಥ ವಿಡಿಯೊ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ನಮ್ಮ ರಾಜ್ಯ ಕಂಡಿದೆ. 2018ರಲ್ಲಿ ಹರಿದಾಡಿದ ಒಂದು ತುಣುಕಿನಲ್ಲಿ ಬೈಕಿನಲ್ಲಿ ಬಂದವರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ತಂದುಬಿಡುವ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದ್ದೇ ಗುಮಾನಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಅವರ ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ.

ಅಪ್ಪ ಕಳಿಸಿದ್ದು ಮೊಮ್ಮಕ್ಕಳ ಮೇಲಿನ ಕಾಳಜಿಯಿಂದ. ಹೆದರಿಕೆಯಾದಾಗ ನಾಲ್ಕು ಜನಕ್ಕೆ ಹೇಳಿದರೆ ಮನಸ್ಸು ಹಗುರಾಗುತ್ತದೆ. ನಿಜವೋ ಸುಳ್ಳೋ ಎಂಬ ಯೋಚನೆ ಆಮೇಲಿನದು. ಓದಿದವರೂ ಇದಕ್ಕೆ ಹೊರತಲ್ಲ. ಜೀವನವಿಡೀ ಬೇರೆಯವರ ತಪ್ಪು ತಿದ್ದಿದ ಮೇಷ್ಟರನ್ನು ಅಳಿಯಂದಿರು, ಬೀಗರು ನೋಡುತ್ತಿರುವಾಗ ಮಗಳು ತಿದ್ದಿದಳು. ಅವರ ಸಿಟ್ಟೆಲ್ಲ ಆ ಮರ್ಯಾದೆಯ ಪ್ರಶ್ನೆಯಲ್ಲಿದೆ ಎಂದು ನನಗನ್ನಿಸುತ್ತದೆ.

ಮೊದಲು ವಿಡಿಯೊದ ಸುದ್ದಿಯೇ ಎತ್ತಬೇಡಿ. ಕಾಫಿ ಕೊಡುತ್ತ, ‘ಎಲ್ಲರ ಮುಂದೆ ಹಾಗೆ ಬರೀಬಾರದಿತ್ತು ಅಪ್ಪಾ’ ಎನ್ನಿ. ಸುಳ್ಳನ್ನು ಸುಳ್ಳೆಂದಿದ್ದಕ್ಕೆ ಕ್ಷಮೆ ಕೇಳಬೇಕಿಲ್ಲ, ಹೇಳಿದ ಜಾಗಕ್ಕೆ ಕೇಳಿದರೆ ಸಾಕು. ಕೆಲವು ದಿನ ಕಳೆದ ಮೇಲೆ, ‘ಮಕ್ಕಳ ಬಗ್ಗೆ ತುಂಬಾ ಹೆದರಿಕೆ ಆಗಿತ್ತಾ?’ ಎಂದು ಕೇಳಿ. ಅವರು ಪೂರ್ತಿ ಹೇಳಲಿ, ನಡುವೆ ಬಾಯಿ ಹಾಕಬೇಡಿ. ಆಮೇಲೆ ಪಕ್ಕದಲ್ಲಿ ಕೂತು, ಬಹಳ ಕೈ ದಾಟಿ ಬಂದ ಸಂದೇಶದ ಮೇಲಿರುವ ಜೋಡಿ ಬಾಣದ ಗುರುತನ್ನು ತೋರಿಸಿ. ಅಂಥದ್ದನ್ನು ಸಲಕ್ಕೆ ಒಂದೇ ಚಾಟ್‌ಗೆ ಕಳಿಸುವಂತೆ ವಾಟ್ಸ್‌ಆ್ಯಪ್ 2020ರಲ್ಲೇ ಮಿತಿ ಹಾಕಿದೆ. ಮುಂದೆ ಹೀಗೇನಾದರೂ ಬಂದರೆ ಮೊದಲು ನಿಮಗೊಬ್ಬರಿಗೇ ಕಳಿಸಲು ಕೇಳಿಕೊಳ್ಳಿ. ಕಣ್ಣೆದುರೇ ಅನುಮಾನಾಸ್ಪದವಾದದ್ದು ಕಂಡರೆ 112ಕ್ಕೆ ಕರೆ ಮಾಡಬೇಕು.

ಅವರಿಗೆ ನಿದ್ದೆಯಿಲ್ಲದಿದ್ದರೆ, ಮಕ್ಕಳನ್ನು ಹೊರಗೆ ಬಿಡಲೂ ಗಾಬರಿಯಾಗುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಮನಸ್ಸು ಭಾರವಾದರೂ ಅದೇ ನಂಬರ್.