ಆಟಿಸಂ ಇರುವವರೂ ಊರಿನ ಬಾಳ್ವೆಯೂ

(ಈ ತಿಂಗಳ ಪಾಠ: ಗ್ರಾಮ ವಾಚನಾಲಯ, ಯುವಕ ಸಂಘ ಮತ್ತು ಮಹಿಳಾ ಮಂಡಲಗಳಲ್ಲಿ ಓದಿ ಚರ್ಚಿಸಲು)



ಬೀಜ, ಗೊಬ್ಬರ, ಕುಡಿಯುವ ನೀರು ಇವುಗಳಂತೆಯೇ ಒಬ್ಬರೊಡನೊಬ್ಬರು ಬಾಳುವ ಬಗೆಯೂ ಊರಿನ ಏಳಿಗೆಗೆ ಸೇರಿದ ವಿಷಯ. ಈ ಸಲ ಅದನ್ನು ಕುರಿತು ವಿಚಾರ ಮಾಡೋಣ.

ನಾವು ದಿನವೂ ಆಡುವ ಮಾತನ್ನು ಸ್ವಲ್ಪ ಗಮನಿಸಿರಿ. ಮನೆಗೆ ಬಂದ ನೆಂಟರು ಏಳುವಾಗ "ಹೋಗಿ ಬರುತ್ತೇವೆ" ಎನ್ನುತ್ತಾರೆ. ಅಂದೇ ತಿರುಗಿ ಬರುತ್ತಾರೆಂದು ಯಾರೂ ಬಾಗಿಲು ತೆರೆದು ಕೂರುವುದಿಲ್ಲ. ಸಾಲ ಕೇಳಿದವನಿಗೆ "ನೋಡೋಣ" ಎಂದರೆ ಬಹುಮಟ್ಟಿಗೆ ಕೊಡುವುದಿಲ್ಲವೆಂದೇ ಅರ್ಥ. ದಾರಿಯಲ್ಲಿ ಸಿಕ್ಕವರು "ಊಟ ಆಯಿತೇ?" ಎಂದು ಕೇಳುವುದು ಊಟಕ್ಕೆ ಕರೆಯಲಿಕ್ಕಲ್ಲ. ಇದನ್ನು ನಮಗೆ ಯಾರೂ ಪಾಠ ಹೇಳಿ ಕಲಿಸಲಿಲ್ಲ. ನೋಡಿ ನೋಡಿ ತಾನಾಗಿಯೇ ಬಂತು.

ಆದರೆ ಕೆಲವರಿಗೆ ಇದು ತಾನಾಗಿ ಬರುವುದಿಲ್ಲ. ಅವರಿಗೆ ಆಡಿದ ಮಾತೇ ಮಾತು. "ದನ ನೋಡುತ್ತಿರು" ಎಂದು ಹೇಳಿ ಹೋದರೆ, ದನ ಪೈರಿಗೆ ಬಾಯಿ ಹಾಕಿದರೂ ನೋಡುತ್ತಲೇ ಇರುತ್ತಾರೆ. ಊರು ಅವರನ್ನು "ಮೊಂಡ", "ಗರ್ವಿ", "ಅರೆಹುಚ್ಚ" ಎಂದು ಕರೆದುಬಿಡುತ್ತದೆ. ಇಂಥವರಲ್ಲಿ ಕೆಲವರಿಗೆ ಇರುವುದು ಆಟಿಸಂ. ಕನ್ನಡದಲ್ಲಿ ಸ್ವಲೀನತೆ ಎಂದೂ ಹೇಳುತ್ತಾರೆ.

ಆಟಿಸಂ ಎಂದರೇನು?

ಇದು ಮೆದುಳು ಬೆಳೆಯುವ ರೀತಿಯಲ್ಲಿ ಹುಟ್ಟಿನಿಂದಲೇ ಇರುವ ಒಂದು ಭೇದ. ಇದು ಅಂಟುಜಾಡ್ಯವಲ್ಲ, ಹುಚ್ಚಲ್ಲ, ಗಾಳಿ ಗ್ರಹಗಳ ಕಾಟವೂ ಅಲ್ಲ. ತಾಯಿಯ ಪ್ರೀತಿ ಸಾಲದೆ ಬಂತೆಂದು ಹಿಂದೆ ಕೆಲವು ವೈದ್ಯರೇ ಹೇಳಿದ್ದುಂಟು. ಅದು ಸುಳ್ಳೆಂದು ತೀರ್ಮಾನವಾಗಿದೆ. ಲಸಿಕೆಯಿಂದ ಬರುತ್ತದೆಂಬುದೂ ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಲ್ಲಿ ಸುಮಾರು 127 ಜನರಿಗೆ ಒಬ್ಬರಂತೆ ಆಟಿಸಂ ಇದ್ದಿತು.

ಎಲ್ಲರಲ್ಲಿಯೂ ಇದು ಒಂದೇ ತೆರನಾಗಿರುವುದಿಲ್ಲ. ಕೆಲವರು ಮಾತೇ ಆಡುವುದಿಲ್ಲ. ಅವರಿಗೆ ಬಾಳಿನುದ್ದಕ್ಕೂ ಆಸರೆ ಬೇಕು. ಕೆಲವರು ಓದಿ, ದುಡಿದು, ಸಂಸಾರ ನಡೆಸುತ್ತಾರೆ. ಸಾಮಾನ್ಯವಾಗಿ ಕಾಣುವ ಗುರುತುಗಳಿವು: ಇನ್ನೊಬ್ಬರ ಮುಖಭಾವ, ದನಿ, ಹಾಸ್ಯ ಬೇಗ ಹಿಡಿಯದಿರುವುದು, ದಿನಚರಿ ಬದಲಾದರೆ ಬಹಳ ಕಳವಳಪಡುವುದು, ಗದ್ದಲ, ಬೆಳಕು, ಬಟ್ಟೆಯ ಒರಟು ಸಹ ತಡೆಯಲಾರದಷ್ಟು ಬಾಧಿಸುವುದು, ಯಾವುದೋ ಒಂದು ವಿಷಯದಲ್ಲಿ ಆಳವಾದ ಆಸಕ್ತಿ.

ಸಾಲು ಎಣಿಸಿದ ಹುಡುಗ

ಆಟಿಸಂ ಎಂದು ವೈದ್ಯರು ಮೊಟ್ಟಮೊದಲು ಗುರುತಿಸಿದ ಮಗುವಿನ ಕಥೆ ಒಕ್ಕಲು ಮಕ್ಕಳಾದ ನಾವು ತಿಳಿಯತಕ್ಕದ್ದು. ಅವನ ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಹುಟ್ಟಿದ್ದು 1933ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ. ಮಗು ಕರೆದರೆ ಓಗೊಡುತ್ತಿರಲಿಲ್ಲ. ಸಿಕ್ಕಿದ ವಸ್ತುವನ್ನು ಬುಗುರಿಯಂತೆ ತಿರುಗಿಸುತ್ತ ಕೂರುತ್ತಿತ್ತು. ವೈದ್ಯರ ಸಲಹೆಯಂತೆ ಮನೆಯವರು ದೂರದ ಒಂದು ಸಂಸ್ಥೆಯಲ್ಲಿ ಬಿಟ್ಟರು. ಅಲ್ಲಿ ಹುಡುಗ ಇನ್ನೂ ಕುಗ್ಗಿಹೋದ. ಸುಮಾರು ಒಂದು ವರ್ಷದ ಮೇಲೆ ತಂದೆತಾಯಿ ಮರಳಿ ಕರೆತಂದರು. 1938ರಲ್ಲಿ ಬಾಲ್ಟಿಮೋರ್ ನಗರದ ಡಾಕ್ಟರ್ ಲಿಯೋ ಕ್ಯಾನರ್ ಅವರಿಗೆ ತೋರಿಸಿದರು. ಕ್ಯಾನರ್ 1943ರಲ್ಲಿ ಇಂಥ 11 ಮಕ್ಕಳ ವಿಷಯವನ್ನು ಪ್ರಕಟಿಸಿದಾಗ, ಮೊದಲನೆಯವನು ಡೊನಾಲ್ಡನೇ.

1942ರಲ್ಲಿ ಡೊನಾಲ್ಡನನ್ನು ಊರಿಗೆ ಸುಮಾರು ಹತ್ತು ಮೈಲಿ ದೂರದಲ್ಲಿದ್ದ ಗೇಣಿ ಒಕ್ಕಲು ದಂಪತಿಗಳ ಹತ್ತಿರ ಇರಿಸಿದರು. ಅವರು ವೈದ್ಯರಲ್ಲ, ಉಪಾಧ್ಯಾಯರೂ ಅಲ್ಲ. ಹುಡುಗನಿಗೆ ಅಳತೆಯ ಗೀಳಿತ್ತು. ಬಾವಿ ತೋಡಲು ಹಚ್ಚಿ, ಆಳ ಎಷ್ಟಾಯಿತೆಂದು ಅವನನ್ನೇ ಕೇಳಿದರು. ಮುಸುಕಿನ ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಉಳುತ್ತ ಎಣಿಸು ಎಂದು ನೇಗಿಲು ಕೊಟ್ಟರು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಡುತ್ತಿದ್ದ. ಅವನ್ನು ಹೂಳಲು ಒಂದು ಜಾಗ ತೋರಿಸಿದರು. 1945ರಲ್ಲಿ ಕ್ಯಾನರ್ ನೋಡಲು ಹೋದಾಗ ಹುಡುಗ ಕುದುರೆ ಕಟ್ಟಿದ ನೇಗಿಲಿನಿಂದ ಆರು ಉದ್ದ ಸಾಲು ಉತ್ತನು. ಕುದುರೆಯನ್ನು ಚೆನ್ನಾಗಿ ತಿರುಗಿಸಿದನು. ಗೀಳನ್ನು ಹೊಡೆದು ಬಿಡಿಸಲು ಹೋಗದೆ, ಗೀಳಿಗೇ ಕೆಲಸ ಕೊಟ್ಟದ್ದರ ಫಲವಿದು.

ಡೊನಾಲ್ಡ್ ಮುಂದೆ ಶಾಲೆ ಮುಗಿಸಿ, ಕಾಲೇಜಿನಲ್ಲಿಯೂ ಓದಿ ಪದವಿ ಪಡೆದರು. ಊರಿನ ಬ್ಯಾಂಕಿನಲ್ಲಿ ಹಲವು ದಶಕ ದುಡಿದರು. 27ನೆಯ ವಯಸ್ಸಿನಲ್ಲಿ ಮೋಟಾರು ನಡೆಸಲು ಕಲಿತರು. ಪರಿಚಯದವರಿಗೆ ಒಂದೊಂದು ನಂಬರು ಕೊಟ್ಟು ನೆನಪಿಡುತ್ತಿದ್ದರು. ಅದು ಅವರ ಸ್ನೇಹದ ರೀತಿಯೆಂದು ಊರು ತಿಳಿದಿತ್ತು. ಇಬ್ಬರು ಪತ್ರಕರ್ತರು ಅವರ ವಿಷಯ ಬರೆಯಲು ಬಂದಾಗ, ಇವರಿಗೆ ನೋವು ಮಾಡಿದರೆ ನಿಮ್ಮನ್ನು ಸುಮ್ಮನೆ ಬಿಡೆವು ಎಂದು ಊರವರೇ ಎಚ್ಚರಿಸಿದರಂತೆ. 2023ರಲ್ಲಿ, 89ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರದು ಸ್ಥಿತಿವಂತರ ಮನೆ. ತಂದೆ ವಕೀಲರು, ಬ್ಯಾಂಕು ತಾಯಿಯ ತವರಿನವರಿಗೆ ಸೇರಿದ್ದು. ಇದರಿಂದ ಅನುಕೂಲವಾಯಿತೆಂಬುದು ನಿಜ. ಆದರೆ ಎಣಿಸುವವನಿಗೆ ಸಾಲು ತೋರಿಸಲು ಹಣ ಬೇಡ. ಅವನನ್ನು ಗಮನಿಸುವ ತಾಳ್ಮೆ ಇದ್ದರೆ ಸಾಕು.

ತೊಡಕು ಎರಡು ಕಡೆಯದು

ಬೀದರಿನವರ ಮಾತು ಕುಂದಾಪುರದವರಿಗೆ ಮೊದಲ ದಿನವೇ ಹಿಡಿಯದು. ಅದಕ್ಕೆ ಒಬ್ಬರನ್ನೇ ದೂರಿದರೆ ಆದೀತೇ? ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞರಿಗೆ ಸ್ವತಃ ಆಟಿಸಂ ಇದೆ. ಅವರು 2012ರಲ್ಲಿ ಇದನ್ನೇ ವಾದಿಸಿದರು: ಆಟಿಸಂ ಇರುವವರಿಗೆ ಇತರರು ಅರ್ಥವಾಗದಿರುವಂತೆಯೇ ಇತರರಿಗೂ ಅವರು ಅರ್ಥವಾಗುವುದಿಲ್ಲ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಟೆಂಟು ಜನರ ಸಾಲು ಮಾಡಿ, ಒಬ್ಬರಿಂದೊಬ್ಬರಿಗೆ ಒಂದು ಕಥೆಯನ್ನು ದಾಟಿಸಲು ಹೇಳಿದರು. ಎಲ್ಲರಿಗೂ ಆಟಿಸಂ ಇದ್ದ ಸಾಲು, ಇತರರ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಆದುದರಿಂದ ಅವರಿಗೆ ಕೂಡಿ ಮಾತಾಡುವ ಶಕ್ತಿಯೇ ಇಲ್ಲವೆನ್ನುವುದು ತಪ್ಪು. ಸೇತುವೆಯನ್ನು ಎರಡು ದಡದಿಂದಲೂ ಕಟ್ಟಬೇಕು.

ಮನೆಯವರೂ ಊರವರೂ ಮಾಡಬೇಕಾದದ್ದು

1. ಮಾತು ಬಿಡಿಸಿ ಹೇಳಿರಿ. "ಆಮೇಲೆ ಬಾ" ಎನ್ನುವ ಬದಲು "ಸಂಜೆ ಐದು ಗಂಟೆಗೆ ಬಾ" ಎನ್ನಿರಿ. "ದನ ನೋಡುತ್ತಿರು" ಎನ್ನುವ ಬದಲು "ದನ ಪೈರಿಗೆ ಹೋದರೆ ಹಿಂದಕ್ಕೆ ಅಟ್ಟು" ಎನ್ನಿರಿ.

2. ಬದಲಾವಣೆಯನ್ನು ಮುಂಚೆ ತಿಳಿಸಿರಿ. ಮದುವೆಗೆ, ಜಾತ್ರೆಗೆ ಹೊರಡುವ ಮೊದಲು ಯಾರು ಬರುತ್ತಾರೆ, ಎಷ್ಟು ಹೊತ್ತು, ಸಾಕಾದರೆ ಎಲ್ಲಿ ಕೂರಬಹುದು ಎಂದು ಹೇಳಿರಿ.

3. ಕಣ್ಣಿಟ್ಟು ನೋಡೆಂದು ಬಲವಂತ ಮಾಡಬೇಡಿರಿ. ಮುಖ ಬೇರೆ ಕಡೆಗಿದ್ದರೂ ಕಿವಿ ನಿಮ್ಮ ಮಾತಿನ ಮೇಲಿರಬಹುದು.

4. ಧ್ವನಿವರ್ಧಕ, ಪಟಾಕಿಗಳ ನಡುವೆ ಕಿವಿ ಮುಚ್ಚಿ ಕೂಗಿಕೊಂಡರೆ ಅದು ಹಟವಲ್ಲ, ಸಂಕಟ. ಬೈಯದೆ, ಹೊಡೆಯದೆ ಸದ್ದಿಲ್ಲದ ಕಡೆಗೆ ಕರೆದೊಯ್ಯಿರಿ.

5. ಆಸಕ್ತಿಗೆ ಹೊಂದುವ ಕೆಲಸ ಹುಡುಕಿರಿ. ಹಾಲಿನ ಡೇರಿಯ ಲೆಕ್ಕ, ಸಸಿಮಡಿ, ವಾಚನಾಲಯದ ಪುಸ್ತಕ ಜೋಡಣೆ, ಪಂಪಿನ ದುರಸ್ತಿ ಇಂಥವು ಕೆಲವರಿಗೆ ಒಗ್ಗುತ್ತವೆ. ದುಡಿದದ್ದಕ್ಕೆ ಸರಿಯಾದ ಕೂಲಿ ಕೊಡಿರಿ.

6. ಮೋಸದಿಂದ ಕಾಪಾಡಿರಿ. ಹೇಳಿದ್ದನ್ನೆಲ್ಲ ನಂಬುವವರಿಂದ ಸಹಿ ಹಾಕಿಸಿಕೊಳ್ಳುವವರೂ, ಹಣ ಕೀಳುವವರೂ, ಮೈಮುಟ್ಟಿ ಕೆಡಕು ಮಾಡುವವರೂ ಇದ್ದಾರೆ. ಯಾವ ಸ್ಪರ್ಶ ಸಲ್ಲದು, ಯಾರ ಹತ್ತಿರ ಹೇಳಬೇಕು ಎಂಬುದನ್ನು ಗಂಡು ಹೆಣ್ಣು ಮಕ್ಕಳಿಬ್ಬರಿಗೂ ನೇರವಾಗಿ ಕಲಿಸಿರಿ.

ಆಟಿಸಂ ಇರುವ ಯುವಕ ಯುವತಿಯರಿಗೆ

ನೀವು ಇದನ್ನು ಓದುತ್ತಿದ್ದರೆ ನಿಮಗೂ ನಾಲ್ಕು ಮಾತು. ಮಾತು ತಿಳಿಯದಿದ್ದರೆ "ನಾನು ಏನು ಮಾಡಬೇಕು, ಬಿಡಿಸಿ ಹೇಳಿ" ಎಂದು ಕೇಳಿರಿ, ಕೇಳುವುದು ಅವಮಾನವಲ್ಲ. "ನೋಡೋಣ" ಎಂಬಂಥ ಮಾತುಗಳನ್ನೂ ಅವುಗಳ ಒಳ ಅರ್ಥವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ. ನಿಮಗೆ ಪ್ರಿಯವಾದ ವಿಷಯವನ್ನು ಹೇಳುವಾಗ ನಡುವೆ ನಿಲ್ಲಿಸಿ "ಇನ್ನೂ ಹೇಳಲೇ?" ಎಂದು ಕೇಳಿರಿ. ಗದ್ದಲ ಸಾಕಾದರೆ "ಸ್ವಲ್ಪ ಹೊರಗಿರುತ್ತೇನೆ" ಎಂದು ತಿಳಿಸಿ ಏಳಿರಿ. ಹೇಳದೆ ಎದ್ದರೆ ಅವರು ಸಿಟ್ಟೆಂದು ತಿಳಿಯಬಹುದು. ಹಣ ಕೊಡುವ, ಸಹಿ ಹಾಕುವ ಮೊದಲು ನಂಬಿಕೆಯ ಒಬ್ಬರನ್ನು ಕೇಳಿರಿ. ಗೆಳೆಯರು ಹತ್ತಾರು ಮಂದಿ ಇರಬೇಕಾಗಿಲ್ಲ. ನಿಮ್ಮನ್ನು ನಿಮ್ಮಂತೆಯೇ ಇರಗೊಡುವ ಒಬ್ಬರಿಬ್ಬರು ಸಾಕು.

ಮದುವೆಯ ಮಾತು

"ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ" ಎಂದು ಹಿರಿಯರು ಹೇಳುವುದುಂಟು. ಮದುವೆ ಆಟಿಸಂಗೆ ಮದ್ದಲ್ಲ. ಮುಚ್ಚಿಟ್ಟು ಮಾಡಿದರೆ ಎರಡು ಜೀವಗಳು ನೋಯುತ್ತವೆ. ಮೊದಲು ಹುಡುಗನಿಗೋ ಹುಡುಗಿಗೋ ಮದುವೆ ಬೇಕೇ ಎಂದು ಕೇಳಿರಿ. ಬೇಕೆಂದರೆ ನಿಶ್ಚಯಕ್ಕೆ ಮುಂಚೆಯೇ ಎದುರು ಕಡೆಯವರಿಗೆ ಇದ್ದದ್ದು ಇದ್ದಂತೆ ಹೇಳಿರಿ. ಗಂಡು ಹೆಣ್ಣು ಹಲವು ಸಲ ಕೂತು ಮಾತಾಡಲಿ. ತಿಳಿದು ಒಪ್ಪಿ ಮದುವೆಯಾಗಿ ಚೆನ್ನಾಗಿ ಬಾಳುವವರಿದ್ದಾರೆ. ಬೇಡವೆಂದರೆ ಅದನ್ನೂ ಗೌರವಿಸಿರಿ.

ನೆರವು ಎಲ್ಲಿ?

ಮಗುವಿಗೆ ಮಾತು ತಡವಾದರೆ, ಕರೆದರೆ ತಿರುಗಿ ನೋಡದಿದ್ದರೆ, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ ಆಸ್ಪತ್ರೆಗೆ ತೋರಿಸಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪರೀಕ್ಷೆಯ ವ್ಯವಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಆದುದರಿಂದ ಪ್ರಮಾಣಪತ್ರಕ್ಕೂ ಗುರುತಿನ ಚೀಟಿಗೂ ಅರ್ಜಿ ಹಾಕಬಹುದು. ಆಟಿಸಂ ಪೂರ್ತಿ ವಾಸಿ ಮಾಡುತ್ತೇವೆಂದು ಔಷಧ ಮಾರುವವರಿಗೆ ಹಣ ತೆರಬೇಡಿರಿ. ಅಂಥ ಔಷಧ ಯಾವುದೂ ಇಲ್ಲ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನ ಮಾತಿನಲ್ಲಿ ಒಂದು ಹೇಳಿ ಇನ್ನೊಂದು ಅರ್ಥ ಮಾಡುವ ಹತ್ತು ಮಾತುಗಳು ಯಾವುವು?
2. ಜಾತ್ರೆಯ ದಿನ ಗದ್ದಲ ತಾಳಲಾರದವರಿಗೆ ಕೂರಲು ಎಲ್ಲಿ ಸ್ಥಳ ಮಾಡಬಹುದು?
3. ನಾವು ಅಡ್ಡಹೆಸರಿಟ್ಟು ನಗುವವರು ಊರಿನಲ್ಲಿ ಯಾರಾದರೂ ಇದ್ದಾರೆಯೇ? ಅವರ ಆಸಕ್ತಿ ಏನೆಂದು ಇದುವರೆಗೆ ಯಾರಾದರೂ ಕೇಳಿದ್ದೇವೆಯೇ?